ವಿಸ್ಕಿ, ಜಿನ್‌ಗಳ ರುಚಿ ಹೋಲಿಸಿ ನೋಡುವ ಆಸೆ: ಗೋವಾಕ್ಕೆ ಬಂದ ಮೇಲೆ ಎಲ್ಲಿಂದ ಆರಂಭಿಸಲಿ?

ಕೆಲಸದ ಮೇಲೆ ಮಡಗಾಂವಿಗೆ ಬರುತ್ತಿದ್ದೇನೆ, ಅಪರೂಪಕ್ಕೆ ಕುಡಿಯುವವನು, ವಿಸ್ಕಿ ಮತ್ತು ಜಿನ್ ಎರಡರ ರುಚಿಯನ್ನೂ ಅರಿಯುವ ಆಸೆಯಿದೆ, ದುಬಾರಿ ಬಾಟಲಿಗಳನ್ನೇ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ. ಜಿನ್‌ನಿಂದ ಆರಂಭಿಸಿ, ಕಡಿಮೆ ಸುರಿಯಿರಿ, ಯಾವಾಗಲೂ ಎರಡು ಲೋಟಗಳನ್ನು ಪಕ್ಕಪಕ್ಕದಲ್ಲಿಡಿ. ಒಂದೇ ಲೋಟವನ್ನು ಎದುರಿಗಿಟ್ಟುಕೊಂಡು ‘ಇದು ಹೇಗಿದೆ’ ಎಂದು ಯೋಚಿಸಿದರೆ ‘ಚೆನ್ನಾಗಿದೆ’ ಎಂಬುದಕ್ಕಿಂತ ಮುಂದೆ ಮಾತು ಹೊರಡುವುದಿಲ್ಲ. ಎರಡಿದ್ದರೆ ವ್ಯತ್ಯಾಸ ತಾನಾಗಿ ಕಣ್ಣಿಗೆ ಬೀಳುತ್ತದೆ.

ನಾನು ಶಿರಸಿ ಕಡೆಯವನು, ಮಡಗಾಂವಿಗೆ ಬಂದು ಹನ್ನೊಂದು ವರ್ಷವಾಯಿತು. ಮದ್ಯದ ವ್ಯಾಪಾರಕ್ಕೂ ನನಗೂ ಸಂಬಂಧವಿಲ್ಲ. ತಿಂಗಳಿಗೊಂದು ಶನಿವಾರ ನಾವು ಮೂವರು ಗೆಳೆಯರು ಕೂತು ಎರಡು ಬಾಟಲಿಗಳನ್ನು ಹೋಲಿಸುತ್ತೇವೆ, ಅಷ್ಟೇ.

ಜಿನ್ ಏಕೆ ಮೊದಲು? ಅದರೊಳಗಿನ ಹೆಚ್ಚಿನ ಪರಿಮಳಗಳು ನಮ್ಮ ಮಸಾಲೆ ಡಬ್ಬಿಯಲ್ಲೇ ಇವೆ. ಕೊತ್ತಂಬರಿ ಬೀಜ, ಏಲಕ್ಕಿ, ಶುಂಠಿ, ಜಾಯಿಕಾಯಿ, ಜಾಪತ್ರೆ, ಕಾಳುಮೆಣಸು, ನಿಂಬೆ ಸಿಪ್ಪೆ: ಅಡುಗೆಮನೆಯಲ್ಲಿ ಬೆಳೆದ ಯಾವ ಮೂಗಿಗೂ ಇವುಗಳ ಪರಿಚಯ ಮಾಡಿಸಬೇಕಿಲ್ಲ. ಹೊಸದೆಂದರೆ ಜುನಿಪರ್ ಒಂದೇ. ನೋಡುವುದಕ್ಕೆ ಹಣ್ಣಿನಂತಿದ್ದರೂ ಅದು ಪೈನ್ ಜಾತಿಗೆ ಹತ್ತಿರದ ಗಿಡದ, ಬೀಜ ಹೊತ್ತ ಶಂಕು (ಕೋನ್). ರಾಳವನ್ನು ಕೆಂಡಕ್ಕೆ ಹಾಕುವ ಮೊದಲು ಮೂಸಿದರೆ ಬರುತ್ತದಲ್ಲ, ಆ ವಾಸನೆಗೆ ಹತ್ತಿರ. ಜುನಿಪರ್ ಮುಂದಾಗಿರದಿದ್ದರೆ ಅದು ಜಿನ್ ಅಲ್ಲ. ಯುರೋಪಿನ ಕಾನೂನೂ ಹೀಗೆಯೇ ಹೇಳುತ್ತದೆ.

ಜಿನ್ ಕಲಿಯುವುದಕ್ಕೆ ಗೋವಾಕ್ಕಿಂತ ಒಳ್ಳೆಯ ಊರು ಸಿಗಲಾರದು. 2017ರಲ್ಲಿ ಬಂದ ಗ್ರೇಟರ್ ದ್ಯಾನ್ ಎಂಬ ಜಿನ್ ಇಲ್ಲಿಯದು. ಅದೇ ಕಂಪನಿಯ ಹಪುಸಾ ಕೂಡ ಇಲ್ಲಿಯದೇ. ಹಪುಷಾ ಎಂದರೆ ಸಂಸ್ಕೃತದಲ್ಲಿ ಜುನಿಪರ್. ಮೊದಲ ಜೋಡಿಯಾಗಿ ಇವೆರಡನ್ನೇ ಇಡಿ. ಮಾಡಿದವರು ಒಬ್ಬರೇ ಆದರೂ ಸ್ವಭಾವ ಬೇರೆ. ಮೊದಲನೆಯದು ಲಂಡನ್ ಡ್ರೈ ಮಾದರಿಯದು, ಅಂದರೆ ಸಿಹಿಯಿಲ್ಲದ್ದು, ನೇರ, ಚುರುಕು. ಎರಡನೆಯದರಲ್ಲಿ ಹಿಮಾಲಯದ ಜುನಿಪರ್ ಜೊತೆಗೆ ಅರಿಸಿನ, ಮಾವು, ಬಂಗಾಳದ ಗಂಧರಾಜ ನಿಂಬೆ ಸೇರಿವೆ. ಮಳೆ ಬಿದ್ದ ತೋಟದ ಮಣ್ಣಿನಂಥ ಒಂದು ಗುಣ ಅದಕ್ಕಿದೆ. ಮೂರನೆಯದಾಗಿ, ಇಲ್ಲಿಯದೇ ಆದ ಸ್ಟ್ರೇಂಜರ್ ಆ್ಯಂಡ್ ಸನ್ಸ್. ಅದರಲ್ಲಿ ಕಾಳುಮೆಣಸು, ಜಾಪತ್ರೆ, ಬಗೆಬಗೆಯ ನಿಂಬೆ, ಕಿತ್ತಳೆ ಸಿಪ್ಪೆಗಳು.

ನಾವು ಮಾಡುವುದು ಹೀಗೆ. ತಲಾ 15 ಮಿ.ಲೀ., ಅಂದರೆ ಸಣ್ಣ ಪೆಗ್ಗಿನ ಅರ್ಧ. ಒಂದೇ ಆಕಾರದ, ಬಾಯಿ ಕಿರಿದಾದ ಲೋಟಗಳು. ಪಕ್ಕದಲ್ಲಿ ಚಿಕ್ಕ ಬಟ್ಟಲುಗಳಲ್ಲಿ ಜಜ್ಜಿದ ಕೊತ್ತಂಬರಿ ಬೀಜ, ಏಲಕ್ಕಿ, ಈಗಷ್ಟೇ ಹೆರೆದ ನಿಂಬೆ ಸಿಪ್ಪೆ. ಬಟ್ಟಲು ಮೂಸಿ, ಲೋಟ ಮೂಸಿ, ಮತ್ತೆ ಬಟ್ಟಲು. ಮೊದಲ ಸಲ ಕೊತ್ತಂಬರಿ ಲೋಟದೊಳಗಿಂದ ಎದ್ದು ಬಂದಾಗ ನನಗಾದ ಸಂತೋಷವನ್ನು ಇನ್ನೂ ಮರೆತಿಲ್ಲ. ಮೂಗು ಸೋತಿತು ಎನಿಸಿದರೆ ನಿಮ್ಮದೇ ಮೊಣಕೈಯ ಮಡಿಕೆಯನ್ನು ಮೂಸಿ, ಅದು ಮತ್ತೆ ಸರಿಯಾಗುತ್ತದೆ. ಆಮೇಲೆ ಸ್ವಲ್ಪ ನೀರು ಬೆರೆಸಿ ನಾಲಿಗೆಗೆ ಹಾಕಿ. ಟಾನಿಕ್, ಅಂದರೆ ಜಿನ್‌ಗೆ ಬೆರೆಸುವ ಕಹಿ ಸೋಡಾ, ಕೊನೆಗೆ. ಸಿಂಕೋನಾ ತೊಗಟೆಯ ಕ್ವಿನೈನಿನಿಂದ ಟಾನಿಕ್‌ಗೆ ಕಹಿ, ಅದರ ಮೇಲೆ ಸಕ್ಕರೆಯೂ ಇರುತ್ತದೆ. ಎರಡೂ ಸೇರಿ ಸೂಕ್ಷ್ಮ ಪರಿಮಳಗಳನ್ನು ಮುಚ್ಚಿಬಿಡುತ್ತವೆ. ಹಾಕುವುದಾದರೆ ಎರಡೂ ಲೋಟಗಳಿಗೆ ಒಂದೇ ಟಾನಿಕ್, ಒಂದೇ ಅಳತೆ. ಐಸು, ಮೀನು ಫ್ರೈ ಎಲ್ಲವೂ ಹೋಲಿಕೆ ಮುಗಿದ ಮೇಲೆ.

ಜಿನ್ ಜೊತೆ ಎರಡು ಮೂರು ತಿಂಗಳು ಕಳೆದ ಮೇಲೆ ವಿಸ್ಕಿಗೆ ಬನ್ನಿ. ಒಂದೇ ಸಂಜೆ ಎರಡೂ ಬೇಡ. ವಿಸ್ಕಿಯಲ್ಲಿ ಯಾರೂ ಮಸಾಲೆ ಹಾಕಿರುವುದಿಲ್ಲ. ಧಾನ್ಯ, ಹುದುಗು, ಭಟ್ಟಿ ಮತ್ತು ಮರದ ಪೀಪಾಯಿ ಸೇರಿ ಹುಟ್ಟಿಸುವ ಪರಿಮಳಗಳವು. ಅದಕ್ಕೇ ಹೆಸರಿಡುವುದು ಕಷ್ಟ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಬಹುಪಾಲು ವಿಸ್ಕಿಗಳಲ್ಲಿ ಕಬ್ಬಿನ ಕಾಕಂಬಿಯಿಂದ ಬಂದ ಮದ್ಯಸಾರವೇ ಹೆಚ್ಚು, ಆದ್ದರಿಂದ ಕಲಿಕೆಗೆ ಸಿಂಗಲ್ ಮಾಲ್ಟ್, ಅಂದರೆ ಒಂದೇ ಭಟ್ಟಿಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದಷ್ಟೇ ಮಾಡಿದ ವಿಸ್ಕಿ, ಒಳ್ಳೆಯದು. ಕನ್ನಡಿಗರಾಗಿ ನಾವು ಹೆಮ್ಮೆಪಡಬೇಕಾದ ಸಂಗತಿಯೂ ಇಲ್ಲಿದೆ. ಭಾರತದ ಸಿಂಗಲ್ ಮಾಲ್ಟನ್ನು ಜಗತ್ತಿನ ಮುಂದಿಟ್ಟ ಅಮೃತ್ ಬೆಂಗಳೂರಿನದು. 2004ರಲ್ಲಿ ಅದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆಯಾಯಿತು. ಪಾಲ್ ಜಾನ್ ಕಂಪನಿಯೂ ಬೆಂಗಳೂರಿನದೇ, ಆದರೆ ಭಟ್ಟಿ ಇರುವುದು ಮಡಗಾಂವಿನಿಂದ ಕಾಣಕೋಣದ ದಾರಿಯಲ್ಲಿ ಸಿಗುವ ಕುಂಕಳ್ಳಿಯಲ್ಲಿ. ಅಲ್ಲಿ ನೋಡುಗರಿಗೆ ಅವಕಾಶವಿದೆ, ಮೊದಲೇ ವಿಚಾರಿಸಿ ಹೋಗಿ. ಸ್ಕೂಟರ್ ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗಿ. ಈ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ.

ವಿಸ್ಕಿಯ ಮೊದಲ ಜೋಡಿಯಾಗಿ ಪಾಲ್ ಜಾನ್‌ನ ಬ್ರಿಲಿಯನ್ಸ್ ಮತ್ತು ಬೋಲ್ಡ್. ಭಟ್ಟಿ ಒಂದೇ, ಎರಡರಲ್ಲೂ ಮದ್ಯಸಾರ ಶೇ 46. ಬೋಲ್ಡ್‌ನ ಬಾರ್ಲಿ ಮೊಳಕೆಗೆ ಪೀಟ್ ಹೊಗೆ ಕೊಟ್ಟಿರುತ್ತಾರೆ, ಬ್ರಿಲಿಯನ್ಸ್‌ನದಕ್ಕೆ ಇಲ್ಲ. ಪೀಟ್ ಎಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತ ಸಸ್ಯರಾಶಿ, ಒಣಗಿಸಿ ಉರಿಸುತ್ತಾರೆ. ಆ ಹೊಗೆಯನ್ನು ಆಸ್ಪತ್ರೆಯ ವಾಸನೆ, ಅಯೋಡಿನ್ ಎಂದೆಲ್ಲ ವರ್ಣಿಸುವುದುಂಟು. ನನಗೆ ಮೊದಲ ಸಲ ನೆನಪಾದದ್ದು ಊರಿನ ಬಚ್ಚಲೊಲೆ, ಮಳೆಗಾಲದಲ್ಲಿ ಅರೆಬರೆ ಒಣಗಿದ ಅಡಿಕೆ ಸಿಪ್ಪೆಯನ್ನು ಅದಕ್ಕೆ ತುಂಬಿದಾಗ ಏಳುವ ಹೊಗೆ. ಕಾರವಾರದ ಗೆಳೆಯ ಒಣಮೀನು ಎಂದ. ಇಬ್ಬರದೂ ಸರಿ. ಬೇರೆಯವರ ಪದಗಳನ್ನು ಸಾಲ ತರಬೇಡಿ. ನಿಮ್ಮ ಮನೆಯ ಪದಗಳನ್ನೇ ಒಂದು ಪುಸ್ತಕದಲ್ಲಿ ಬರೆದಿಡಿ. ಆರು ತಿಂಗಳ ನಂತರ ಓದಿದರೆ ಆ ರುಚಿಯನ್ನು ಮರಳಿ ಕರೆತರುವುದು ಆ ಪದಗಳೇ.

ಒಂದು ಲೆಕ್ಕ ತಪ್ಪದೆ ಮಾಡಿ. ಮದ್ಯಸಾರ ಶೇ 42.8 ಎಂಬುದು ನಮ್ಮ ಬಾಟಲಿಗಳ ಮೇಲೆ ಮತ್ತೆ ಮತ್ತೆ ಕಾಣುವ ಅಂಕಿ, ಹಳೆಯ ಬ್ರಿಟಿಷ್ ಅಳತೆಯ 75 ಡಿಗ್ರಿ ಪ್ರೂಫ್‌ಗೆ ಸಮ. ಅಮೃತ್ ಫ್ಯೂಷನ್ ಶೇ 50. ಖಾರ ಹೆಚ್ಚಿದ್ದು ಯಾವಾಗಲೂ ರುಚಿಯೂ ಹೆಚ್ಚೆಂಬಂತೆ ಮೋಸ ಮಾಡುತ್ತದೆ. ಶೇ 46ರ ವಿಸ್ಕಿ 30 ಮಿ.ಲೀ. ಇದ್ದರೆ ಒಂದು ಟೀ ಚಮಚ ನೀರು, ಶೇ 50ರದಕ್ಕೆ ಒಂದೂವರೆ ಚಮಚ: ಎರಡೂ 40ರ ಆಸುಪಾಸಿಗೆ ಬರುತ್ತವೆ. ಆಗಷ್ಟೇ ನ್ಯಾಯವಾದ ಹೋಲಿಕೆ.

ಪೀಪಾಯಿಯಲ್ಲಿ ಎಷ್ಟು ವರ್ಷ ಇತ್ತೆಂಬ ವಯಸ್ಸಿನ ಅಂಕಿ ನೋಡಿ ಮರುಳಾಗಬೇಡಿ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾದರೆ, ನಮ್ಮ ಸೆಕೆಯಲ್ಲಿ ಅದರ ಹಲವು ಪಟ್ಟು ಹೋಗುತ್ತದೆ, ಮರದ ಸಾರವೂ ಬೇಗ ಇಳಿಯುತ್ತದೆ. ಇಲ್ಲಿನ ಐದಾರು ವರ್ಷದ್ದನ್ನು ಅಲ್ಲಿನ ಹನ್ನೆರಡರ ಪಕ್ಕದಲ್ಲಿಟ್ಟು ಎಳೆಯದೆಂದು ತಳ್ಳಿಹಾಕುವುದು ತಪ್ಪು.

ಕೊಂಡ ಬಾಟಲಿಗಳನ್ನು ನಿಲ್ಲಿಸಿಯೇ ಇಡಿ. ವೈನಿನಂತೆ ಮಲಗಿಸಿಟ್ಟು ಒಂದು ಒಳ್ಳೆಯ ಮಾಲ್ಟನ್ನು ಕಳೆದುಕೊಂಡಿದ್ದೇನೆ. ಮದ್ಯಸಾರ ಕಾರ್ಕನ್ನು ತಿಂದುಹಾಕಿತ್ತು. ಗೋವಾದಲ್ಲಿ ಬೆಲೆ ಕಡಿಮೆಯೆಂದು ರಜೆಗೆ ಊರಿಗೆ ಹೊರಡುವಾಗ ಚೀಲ ತುಂಬಿಕೊಳ್ಳಬೇಡಿ, ಗೋವಾ ಗಡಿಯ ಮಾಜಾಳಿಯಲ್ಲಿ ತಪಾಸಣೆ ಇರುತ್ತದೆ.

ಹಪುಸಾದಲ್ಲಿ ನಿಮಗೆ ಮೊದಲು ಸಿಕ್ಕಿದ್ದು ಅರಿಸಿನವೋ ಮಾವೋ ಎಂಬುದನ್ನು ಇಲ್ಲೇ ಕೆಳಗೆ ಬರೆಯಿರಿ. ಗೆಳೆಯರಿಬ್ಬರಿಗೂ ಮಾವು ಸಿಕ್ಕಿದೆ, ನಾನಿನ್ನೂ ಹುಡುಕುತ್ತಿದ್ದೇನೆ.