ಜಪಾನಿನ ಸಾದೊ ದ್ವೀಪದಲ್ಲಿರುವ ಹಳೇ ಹಡಗುಗಾರರ ಹಳ್ಳಿ ಶುಕುನೆಗಿಯನ್ನು ಅರ್ಧ ದಿನದಲ್ಲಿ ನಡೆದು ನೋಡಬಹುದೇ? ಎಲ್ಲಿಂದ ಶುರು ಮಾಡಬೇಕು?

ಟೋಕಿಯೊದಿಂದ ಹೊರಟು ಸಾದೊದಲ್ಲಿ ಒಂದು ರಾತ್ರಿ ತಂಗುತ್ತೀರಿ, ಶುಕುನೆಗಿಗೆ ಅರ್ಧ ದಿನವಷ್ಟೇ ಇದೆ ಎಂದಿದ್ದೀರಿ. ಅಷ್ಟು ಸಾಕು. ಆದರೆ ಬಸ್ಸಿಳಿದ ಕೂಡಲೇ ಹಳ್ಳಿಯೊಳಗೆ ನುಗ್ಗಬೇಡಿ. ಮೊದಲು ಗುಡ್ಡದ ಮೇಲಿರುವ ಓಗಿ ಜಾನಪದ ವಸ್ತುಸಂಗ್ರಹಾಲಯಕ್ಕೆ ಹೋಗಿ. 1920ರಲ್ಲಿ ಕಟ್ಟಿದ ಮರದ ಶಾಲೆ ಅದು. ಪಕ್ಕದ ದೊಡ್ಡ ಕೊಟ್ಟಿಗೆಯಲ್ಲಿ ‘ಹಾಕುಸಾನ್ ಮಾರು’ ನಿಂತಿದೆ. 1858ರಲ್ಲಿ ಇದೇ ಊರಲ್ಲಿ ಕಟ್ಟಿದ ಹಡಗಿನ ನಕ್ಷೆ ಹಿಡಿದು 1998ರಲ್ಲಿ ಮತ್ತೆ ಕಟ್ಟಿದ, ಸುಮಾರು 24 ಮೀಟರ್ ಉದ್ದದ ಪೂರ್ಣ ಗಾತ್ರದ ಹಡಗು. ಒಳಗೆ ಹತ್ತಿ ನೋಡಬಹುದು. ಹಲಗೆಗೆ ಹಲಗೆ ಹೇಗೆ ಕೂಡಿಸಿದ್ದಾರೆ, ಮೂತಿ ಹೇಗೆ ಚೂಪಾಗುತ್ತಾ ಹೋಗಿದೆ ಎಂಬುದನ್ನು ಗಮನಿಸಿ. ಅದನ್ನು ನೋಡದೆ ಕೆಳಗಿಳಿದರೆ ಮನೆಗಳೆಲ್ಲ ಬರೀ ಹಳೇ ಮರದ ಗೋಡೆಗಳಾಗಿ ಕಾಣುತ್ತವೆ.

ಅಲ್ಲಿಂದ ಹಳ್ಳಿಗೆ ಹತ್ತು ನಿಮಿಷದ ಇಳಿಜಾರು. ಒಸಾಕಾದಿಂದ ಹೊಕ್ಕೈಡೊವರೆಗೆ ಸರಕು ಸಾಗಿಸುತ್ತಿದ್ದ ಕಿತಮಾಯೆಬುನೆ ಹಡಗುಗಳ ಮಾಲೀಕರು, ನಾವಿಕರು, ಹಡಗು ಬಡಗಿಗಳು ಇಲ್ಲಿ ಒಟ್ಟಿಗಿದ್ದರು. ಎರಡು ಗುಡ್ಡಗಳ ನಡುವಿನ ಅಂಗೈಯಗಲ ಜಾಗದಲ್ಲಿ ನೂರಕ್ಕೂ ಹೆಚ್ಚು ಕಟ್ಟಡಗಳಿವೆ. ಹಾಗಾಗಿ ಮನೆಗೆ ತಕ್ಕಂತೆ ಓಣಿಯಲ್ಲ, ಓಣಿಗೆ ತಕ್ಕಂತೆ ಮನೆ. ‘ಸಾಂಕಾಕುಯಾ’ ಎಂಬ ತ್ರಿಕೋನದ ಮನೆಯ ಮೂಲೆಯಲ್ಲಿ ನಿಂತು ನೋಡಿ: ಬೇರೆಡೆಯಿಂದ ತಂದ ಮನೆಯನ್ನು ಜಾಗಕ್ಕೆ ಹೊಂದುವಂತೆ ಕತ್ತರಿಸಿ ಕೂರಿಸಿದ್ದಾರೆ, ಉದ್ದುದ್ದ ಹಲಗೆಗಳು ಮೇಲೆ ಕಂಡ ಹಡಗಿನ ಮೂತಿಯ ಹಾಗೆಯೇ ಒಂದೆಡೆ ಕೂಡುತ್ತವೆ. ಈ ಹಲಗೆಗಳು ಉಪ್ಪುಗಾಳಿಯಿಂದ ಒಳಗಿನ ಮಣ್ಣಿನ ಗೋಡೆಯನ್ನು ಕಾಯುವ ಹೊದಿಕೆ. ಕೆಲವು ಚಾವಣಿಗಳ ಮೇಲೆ ಕಲ್ಲು ಹೇರಿರುವುದೂ ಗಾಳಿಗಾಗಿಯೇ.

ಹೊರಗೆ ಇಷ್ಟು ಸಾದಾ ಇರುವ ಮನೆಗಳ ಐಶ್ವರ್ಯವೆಲ್ಲ ಒಳಗಿದೆ. ಹಡಗು ಮಾಲೀಕರದಾಗಿದ್ದ ‘ಸೆಯ್ಕುರೊ’ ಮನೆಗೆ ಟಿಕೆಟ್ ಕೊಂಡು ತಪ್ಪದೆ ಹೋಗಿ. ಅರಗು ಬಳಿದ ಕಂಬ, ಬಾಗಿಲುಗಳ ಹೊಳಪು ನೋಡಿದ ಮೇಲೆ ಹಡಗಿನ ದುಡ್ಡು ಎಲ್ಲಿಗೆ ಹೋಯಿತೆಂದು ಯಾರೂ ವಿವರಿಸಬೇಕಿಲ್ಲ.

ನಂತರ ‘ಯೊಸುತೆ’ ಓಣಿಯಲ್ಲಿ ನಡೆಯಿರಿ. ಶವಯಾತ್ರೆ ಸಾಗುತ್ತಿದ್ದ ದಾರಿ ಇದು. ಕಾಲು ತುಳಿದೂ ತುಳಿದೂ ಚಪ್ಪಡಿಗಳ ನಡುಭಾಗ ತಗ್ಗಾಗಿದೆ. ಮಳೆ ಬಿದ್ದರೆ ಅಲ್ಲೇ ನೀರು ನಿಂತು ಜಾರುತ್ತದೆ, ಹಿಡಿತವಿರುವ ಶೂ ಇರಲಿ. ಕೊನೆಗೆ ಬಿದಿರಿನ ಗಾಳಿತಡೆ ದಾಟಿ ಕಡಲ ದಂಡೆಗೆ ಬನ್ನಿ. ಹಡಗುಗಳನ್ನು ಹಗ್ಗದಿಂದ ಬಿಗಿದು ನಿಲ್ಲಿಸುತ್ತಿದ್ದ ಕಲ್ಲುಕಂಬಗಳು ಅಲ್ಲಿವೆ. 1802ರ ಭೂಕಂಪದಲ್ಲಿ ಈ ಕರಾವಳಿಯ ಸಮುದ್ರತಳ ಮೇಲೆದ್ದು ಬಂಡೆಗಳು ತಲೆಯೆತ್ತಿದವು. ಆ ಸಂದುಗಳಲ್ಲಿ ತಿರುಗಲು ಬಳಕೆಗೆ ಬಂದದ್ದೇ ಇಲ್ಲಿನ ದುಂಡನೆಯ ಮರದ ದೋಣಿ, ತರಾಯಿಬುನೆ.

ಹಳ್ಳಿಯಲ್ಲಿ ಜನ ವಾಸವಾಗಿದ್ದಾರೆ. ಬೋರ್ಡಿಲ್ಲದ ಬಾಗಿಲು ತೆರೆಯಬೇಡಿ, ಓಣಿಯಲ್ಲಿ ಟ್ರೈಪಾಡ್ ನಿಲ್ಲಿಸಬೇಡಿ, ಚಕ್ರದ ಸೂಟ್‌ಕೇಸ್ ತರಲೇಬೇಡಿ.

ಹೆಚ್ಚಿನವರು ಎಡವುವುದು ಬಸ್ಸಿನಲ್ಲಿ. ಮುಖ್ಯ ದ್ವೀಪದ ನಿಗಾಟದಿಂದ ಹಡಗು ಬಂದು ನಿಲ್ಲುವುದು ಸಾದೊದ ರ್ಯೋತ್ಸು ಬಂದರಿನಲ್ಲಿ. ಕಾರ್ ಫೆರಿಗೆ ಎರಡೂವರೆ ಗಂಟೆ, ಜೆಟ್‌ಫಾಯಿಲ್ ಎಂಬ ವೇಗದ ಹಡಗಿಗೆ ಸುಮಾರು ಒಂದು ಗಂಟೆ. ಶುಕುನೆಗಿ ಇರುವುದು ದ್ವೀಪದ ಇನ್ನೊಂದು ತುದಿಯಲ್ಲಿ. ದಾರಿಯಲ್ಲಿ ಸಿಗುವ ಸವಾತಾ, ಓಗಿ ಊರುಗಳಲ್ಲಿ ಬಸ್ ಬದಲಿಸಬೇಕು. ಓಗಿಯಿಂದ ಮುಂದಕ್ಕೆ ಬಸ್ಸು ಬಹಳ ವಿರಳ, ವಾಪಸ್ ಬಸ್ಸಿನ ಸಮಯ ನೋಡಿಕೊಂಡೇ ಇಳಿಯಿರಿ. ತಂಗುವುದಾದರೆ ಓಗಿಯಲ್ಲೇ ತಂಗಿ. ಕಾರು ಬೇಕೆಂದರೆ ಭಾರತದ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ನಡೆಯುತ್ತದೆ. ಅಲ್ಲೂ ನಮ್ಮಂತೆ ಎಡಬದಿಯ ಸಂಚಾರ. ಚಳಿಗಾಲ ಬೇಡ: ಕಡಲು ಕೆರಳಿದರೆ ಜೆಟ್‌ಫಾಯಿಲ್ ರದ್ದಾಗುತ್ತದೆ, ನೋಡಲು ತೆರೆದಿಡುವ ಮನೆಗಳೂ ಮುಚ್ಚಿರುತ್ತವೆ. ಸಸ್ಯಾಹಾರಿಗಳಾದರೆ ಬುತ್ತಿ ಕಟ್ಟಿಕೊಂಡೇ ಹೋಗಿ, ಬರೀ ತರಕಾರಿ ಎಂದು ಕೊಡುವ ಸಾರಿನಲ್ಲೂ ಸಾಮಾನ್ಯವಾಗಿ ಒಣಮೀನಿನ ರಸವಿರುತ್ತದೆ.