ಥೈರಾಯ್ಡ್ ಗುಳಿಗೆ 50ರಿಂದ 100 ಮಾಡಿಕೊಂಡರೆ ತೂಕ ಇಳಿಯುತ್ತದೆಯೇ?

ವರ್ಷದಲ್ಲಿ 12 ಕಿಲೋ ಏರಿದ್ದೀರಿ, ಥೈರಾಯ್ಡ್ ಹಾರ್ಮೋನಿನ 50ರ ಗುಳಿಗೆ ನುಂಗಿದರೂ ಟಿಎಸ್‌ಎಚ್ (ಆ ಹಾರ್ಮೋನು ಕಡಿಮೆಯಾದಷ್ಟೂ ರಕ್ತಪರೀಕ್ಷೆಯಲ್ಲಿ ಏರುವ ಅಂಕಿ) 9ರಿಂದ ಕೆಳಗೆ ಬರುತ್ತಿಲ್ಲ, ಅದಕ್ಕೆ 100 ಮಾಡಿಕೊಳ್ಳಲೇ ಅಂತ ಕೇಳಿದ್ದೀರಿ. ಮೊದಲು ಇದನ್ನು ಹೇಳ್ರಿ: ಗುಳಿಗೆ ನುಂಗಿದ ಎಷ್ಟು ಹೊತ್ತಿಗೆ ಚಹಾ ಕುಡಿಯುತ್ತೀರಿ?

ಇಲ್ಲಿ ಕಲಬುರಗಿಯಲ್ಲಿ ನಾನು ಎರಡು ವರ್ಷ ಕಳೆದುಕೊಂಡಿದ್ದು ಅಲ್ಲೇ. ಎದ್ದ ಕೂಡಲೇ ಥೈರಾಯ್ಡ್ ಗುಳಿಗೆ, ಬೆನ್ನಿಗೇ ಹಾಲಿನ ಚಹಾ, ಮರೆಯಬಾರದೆಂದು ಅದರ ಜೊತೆಗೇ ಕ್ಯಾಲ್ಸಿಯಂ ಗುಳಿಗೆ. ಟಿಎಸ್‌ಎಚ್ 11 ಬಂದಾಗ ಡೋಸ್ 75 ಆಯಿತು, ಮುಂದೆ 100, ಆಮೇಲೆ 125. ಯಾವ ಹೊತ್ತಿಗೆ, ಯಾವುದರ ಜೊತೆ ನುಂಗುತ್ತೇನೆಂದು ನಾನು ಡಾಕ್ಟರಿಗೆ ಹೇಳಿರಲೇ ಇಲ್ಲ.

ಇದು ಯಾಕೆ ಇಷ್ಟು ಕೆಡಿಸುತ್ತದೆ ಅಂದರೆ, ಈ ಗುಳಿಗೆಯ ಅಳತೆ ಮೈಕ್ರೋಗ್ರಾಂನಲ್ಲಿ. 50 ಅಂದರೆ 0.05 ಮಿಲಿಗ್ರಾಂ. ಕ್ಯಾಲ್ಸಿಯಂ ಗುಳಿಗೆಯಲ್ಲಿ 500 ಮಿಲಿಗ್ರಾಂ, ಅಂದರೆ ಹತ್ತು ಸಾವಿರ ಪಟ್ಟು. ಖಾಲಿ ಹೊಟ್ಟೆಯಲ್ಲಿ ನುಂಗಿದರೂ ಔಷಧದಲ್ಲಿ ನೂರಕ್ಕೆ 60ರಿಂದ 80 ಪಾಲು ಮಾತ್ರ ಸಣ್ಣ ಕರುಳಿನಲ್ಲಿ ಹೀರಿಕೆಯಾಗುತ್ತದೆ. ಕ್ಯಾಲ್ಸಿಯಂ ಆಗಲಿ, ಕಬ್ಬಿಣಾಂಶದ ಗುಳಿಗೆಯಾಗಲಿ, ಅಸಿಡಿಟಿಯ ಆ್ಯಂಟಾಸಿಡ್ ಆಗಲಿ ಅಲ್ಲೇ ಅದನ್ನು ಹಿಡಿದುಕೊಂಡುಬಿಟ್ಟರೆ ರಕ್ತಕ್ಕೆ ಸೇರಬೇಕಾದದ್ದು ಮಲದಲ್ಲಿ ಹೋಗುತ್ತದೆ. ಚಹಾ ಎಷ್ಟು ಗಟ್ಟಿ, ತಿಂಡಿ ಎಷ್ಟು ಬೇಗ ಅನ್ನುವುದರ ಮೇಲೆ ಇವತ್ತು ಒಂದಷ್ಟು, ನಾಳೆ ಇನ್ನೊಂದಷ್ಟು ಒಳಗೆ ಹೋಗುತ್ತದೆ. ಆಗ ರಿಪೋರ್ಟು ಹೇಳುವುದು ಡೋಸಿನ ಸಂಗತಿಯನ್ನಲ್ಲ, ನಿಮ್ಮ ಚಹಾದ ಸಂಗತಿಯನ್ನು.

ಹೊತ್ತು ಸರಿಮಾಡಿಕೊಂಡಾಗ 125ರ ಗುಳಿಗೆ ಸರಿಯಾಗಿ ಒಳಗೆ ಹೋಗತೊಡಗಿತು. ಎದೆ ಡವಗುಟ್ಟಿತು, ಕೈ ನಡುಗಿತು, ನಿದ್ದೆ ಹೋಯಿತು, ಟಿಎಸ್‌ಎಚ್ 0.1ಕ್ಕೆ ಬಿತ್ತು. ತೂಕವೇನೋ ಮೂರು ಕಿಲೋ ಇಳಿಯಿತು. ದಯವಿಟ್ಟು ಆ ಇಳಿಕೆಗೆ ಆಸೆಪಡಬೇಡ್ರಿ. ಹೆಚ್ಚಾದ ಹಾರ್ಮೋನು ಸ್ನಾಯುವನ್ನು ಕರಗಿಸುತ್ತದೆ, ಮೂಳೆ ಸವೆಸುತ್ತದೆ, ಹೃದಯದ ಬಡಿತದ ಲಯ ತಪ್ಪಿಸುತ್ತದೆ. ಕೊನೆಗೆ ನನಗೆ 75 ಸಾಕಾಯಿತು.

ಇನ್ನು ಆ 12 ಕಿಲೋ. ಅಷ್ಟನ್ನೂ ಥೈರಾಯ್ಡ್ ಮೇಲೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಗ್ರಂಥಿ ಮಂದವಾದಾಗ ಏರುವ ತೂಕ ಸಾಮಾನ್ಯವಾಗಿ ಎರಡೂವರೆಯಿಂದ ನಾಲ್ಕೂವರೆ ಕಿಲೋ, ಅದರಲ್ಲೂ ಬಹುಪಾಲು ಮೈಯಲ್ಲಿ ನಿಂತ ಉಪ್ಪು-ನೀರು. ಮುಂಜಾನೆ ಮುಖ, ಕಣ್ಣಿನ ರೆಪ್ಪೆ ಬಾತುಕೊಳ್ಳುವುದು ಅದರಿಂದಲೇ. ಟಿಎಸ್‌ಎಚ್ ಸರಿಹೋದರೆ ಇಳಿಯುವುದು ಅಷ್ಟೇ. ಉಳಿದದ್ದು ಹೆಚ್ಚಾಗಿ ತಾಟಿನಿಂದ ಬಂದದ್ದು. ಜೋಳದ ರೊಟ್ಟಿಯನ್ನು ಬಿಡಬೇಕಿಲ್ಲ, ಅದಕ್ಕೆ ಎಣ್ಣೆಯೇ ಬೇಕಿಲ್ಲ. ಲೆಕ್ಕ ತಪ್ಪುವುದು ಅದರ ಪಕ್ಕದಲ್ಲಿ: 30 ಗ್ರಾಂ ಶೇಂಗಾ ಹಿಂಡಿಯಲ್ಲೇ (ಚಟ್ನಿಪುಡಿ) ಸುಮಾರು 170 ಕ್ಯಾಲೊರಿ, ಮೇಲೆ ಹಾಕುವ ಎಣ್ಣೆ ಚಮಚಕ್ಕೆ 45, ಸಂಜೆಯ ಸುಸಲಾ-ಮಿರ್ಚಿ ಬೇರೆ. ‘ಥೈರಾಯ್ಡ್ ಡಯಟ್’ ಅಂತ ಕೋಸು, ಹೂಕೋಸು ಬಿಡಿಸುವವರ ಮಾತು ಕೇಳಬೇಡ್ರಿ. ಬೇಯಿಸಿ ಎಲ್ಲರಂತೆ ತಿಂದರೆ ಏನೂ ಆಗದು.

ಈಗ ಮಾಡಬೇಕಾದದ್ದು: ಎದ್ದ ಕೂಡಲೇ ಬರೀ ನೀರಿನ ಜೊತೆ ಗುಳಿಗೆ, ಆಮೇಲೆ ಒಂದು ತಾಸು ಏನೂ ಬೇಡ. ತೀರಾ ಆಗದಿದ್ದರೆ ಅರ್ಧ ತಾಸು. ಕ್ಯಾಲ್ಸಿಯಂ, ಕಬ್ಬಿಣಾಂಶ, ಆ್ಯಂಟಾಸಿಡ್‌ಗೆ ನಾಲ್ಕು ತಾಸಿನ ಅಂತರ, ಮಧ್ಯಾಹ್ನದ ಊಟಕ್ಕೆ ಸರಿಸಿಬಿಡ್ರಿ. ಬೆಳಿಗ್ಗೆ ಚಹಾ ಬಿಟ್ಟಿರಲಾರೆ ಅನ್ನುವವರು ಡಾಕ್ಟರನ್ನು ಕೇಳಿ, ರಾತ್ರಿ ಊಟವಾದ ಮೂರು ತಾಸಿಗೆ ನುಂಗಬಹುದು. ಡಬ್ಬಿಯನ್ನು 25 ಡಿಗ್ರಿಯೊಳಗೆ ಇಡಬೇಕು ಅಂತಾರೆ. ನಮ್ಮ ಮೇ ತಿಂಗಳು 40 ದಾಟುತ್ತದೆ. ಒಲೆ ಹತ್ತಿರದ ಗೂಡು, ಕಿಟಕಿ, ಫ್ರಿಜ್ಜಿನ ತಲೆ, ಗಾಡಿಯ ಡಿಕ್ಕಿ ಯಾವುದೂ ಬೇಡ. ಒಳಕೋಣೆಯಲ್ಲಿ ತಂಪಿರುವ ಕಡೆ, ಬಂದ ಡಬ್ಬಿಯಲ್ಲೇ ಇರಲಿ.

ಹೀಗೆ 6ರಿಂದ 8 ವಾರ ನಡೆಸಿ ಆಮೇಲೆ ರಕ್ತ ಕೊಡ್ರಿ. ಈ ಔಷಧ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು, ಹದಿನೈದು ದಿನಕ್ಕೇ ನೋಡಿದರೆ ಹಳೆಯ ಡೋಸಿನ ನೆರಳೇ ಕಾಣುತ್ತದೆ. ಕೂದಲಿಗೆಂದು ಬಯೋಟಿನ್ ಅನ್ನುವ ವಿಟಮಿನ್ ಗುಳಿಗೆ ತಗೊಳ್ಳುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸ್ರಿ, ಅದು ರಿಪೋರ್ಟನ್ನೇ ಹಾದಿ ತಪ್ಪಿಸುತ್ತದೆ. 9 ಇದ್ದದ್ದು 4ರೊಳಗೆ ಬಂದರೆ ನಿಮಗೆ 50ರೇ ಸಾಕು. ಬಾರದಿದ್ದರೆ ಡಾಕ್ಟರು ಏರಿಸಲಿ, ನೀವಾಗಿ ಏರಿಸಬೇಡ್ರಿ. ಗರ್ಭಿಣಿಯಾಗಿದ್ದರೆ, ಆಗಬೇಕೆಂದಿದ್ದರೆ ಮಾತ್ರ ಈ 6 ವಾರ ಕಾಯಬೇಡ್ರಿ. ಆಗ ಡೋಸ್ ಕಾಲುಭಾಗಕ್ಕೂ ಮಿಕ್ಕಿ ಏರಿಸಬೇಕಾಗಬಹುದು, ಇದೇ ವಾರ ಡಾಕ್ಟರ ಹತ್ತಿರ ಹೋಗ್ರಿ.