ಜೀನ್ ಹೋಲಿಸಿದರೆ ಪ್ರೋಟೀನ್‌ಗಳ ಜೋಡಿ ಗೊತ್ತಾಗುತ್ತಾ?

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಬೇರೆ ಬೇರೆ ಜೀವಿಗಳ ಜೀನೋಮ್ (ಪೂರ್ತಿ ಡಿಎನ್‌ಎ) ಹೋಲಿಸಿ, ಯಾವ ಪ್ರೋಟೀನ್‌ಗಳು ಜೊತೆಯಾಗಿ ಕೆಲಸ ಮಾಡುತ್ತವೆ ಅಂತ ಊಹಿಸಬಹುದಂತೆ. ಇದು ಜಾತಕ ನೋಡಿ ಜೋಡಿ ಮಾಡಿದ ಹಾಗಲ್ವಾ ಸರ್?

ಉತ್ತರ: ಜಾತಕಕ್ಕಿಂತ ವಾಸಿ ಬಿಡಮ್ಮ, ಇಲ್ಲಿ ಹೇಳಿದ್ದು ಸುಳ್ಳಾದರೆ ಲ್ಯಾಬಿನಲ್ಲಿ ಸಿಕ್ಕಿಬೀಳುತ್ತದೆ.

ಒರಳು ಹೋದ ಮನೆಯಲ್ಲಿ ಗುಂಡು ಇಟ್ಟುಕೊಂಡು ಏನು ಮಾಡುತ್ತಾರೆ? ಪ್ರೋಟೀನ್ ತಯಾರಿಸುವ ಸೂಚನೆ ಹೊತ್ತ ಜೀನ್‌ಗಳದ್ದೂ ಅದೇ ಕತೆ. ಜೊತೆಗಾರ ಹೋದ ಮೇಲೆ ಉಳಿದದ್ದಕ್ಕೆ ಕೆಲಸವಿಲ್ಲ, ಕಾಲ ಕಳೆದಂತೆ ಅದೂ ಅಳಿಯುತ್ತದೆ. ಆದ್ದರಿಂದ ಇದ್ದರೆ ಎರಡೂ ಇರುವ, ಇಲ್ಲದಿದ್ದರೆ ಎರಡೂ ಇಲ್ಲದ ಜೀನ್‌ಗಳು ಜೊತೆಗಾರರೇ ಇರಬೇಕು ಅಂತ ಅನುಮಾನ ಬರುತ್ತದೆ.

ನನಗೆ ಇಷ್ಟದ ಉದಾಹರಣೆ ಹೇಳುತ್ತೇನೆ. ಮೈಟೊಕಾಂಡ್ರಿಯಾ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ ಅಂತ 1960ರ ದಶಕದಲ್ಲೇ ಗೊತ್ತಿತ್ತು. ಯಾವ ಬಾಗಿಲಿನಿಂದ ಅನ್ನುವುದು ಮಾತ್ರ ದಶಕಗಟ್ಟಲೆ ಸಿಗಲಿಲ್ಲ. ಬ್ರೆಡ್ಡಿನ ಯೀಸ್ಟ್‌ನಲ್ಲಿ ಈ ಬಾಗಿಲಿಲ್ಲ, ಆದರೆ ನಿದ್ರಾರೋಗ ತರುವ ಟ್ರಿಪನೊಸೋಮ್‌ನಲ್ಲಿ, ಮನುಷ್ಯನಿಂದ ಎಷ್ಟೋ ದೂರದ ಆ ಪರಾವಲಂಬಿಯಲ್ಲಿ, ಇದೆ! ಸರಿ, ಈ ಲೆಕ್ಕಕ್ಕೆ ಹೊಂದುವ ಜೀನ್ ಹುಡುಕುತ್ತಾ ಅಮೆರಿಕದ ವಂಶಿ ಮೂಥಾ ಅವರ ತಂಡ 2010ರಲ್ಲಿ ಎಂಐಸಿಯು1 ಅನ್ನು ಹಿಡಿಯಿತು. ನೋಡಿದರೆ ಅದು ಬಾಗಿಲಲ್ಲ, ಕಾವಲುಗಾರ. ಮತ್ತೆ ಅದರ ಜೊತೆಜೊತೆಗೇ ಕಾಣಿಸುವ ಜೀನ್ ಯಾವುದು ಅಂತ ಹುಡುಕಿದಾಗ 2011ರಲ್ಲಿ ಬಾಗಿಲೇ ಸಿಕ್ಕಿತು, ಅದು ಎಂಸಿಯು. ಅದೇ ವರ್ಷ ಇಟಲಿಯ ಪಡುವಾದ ತಂಡವೂ ಅದನ್ನೇ ಗುರುತಿಸಿತು. ಎಂಸಿಯು ತಗ್ಗಿಸಿದ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಒಳಹೋಗುವುದು ಕುಸಿಯಿತು.

ಇನ್ನೊಂದು ಸುಳಿವೂ ಇದೆ: ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಗೈರೇಸ್ ಅನ್ನುವ, ಡಿಎನ್‌ಎ ಸುರುಳಿ ನಿಭಾಯಿಸುವ ಕಿಣ್ವದ ಎರಡು ತುಂಡುಗಳಿಗೆ ಬೇರೆ ಬೇರೆ ಜೀನ್, ಯೀಸ್ಟ್‌ನಲ್ಲಿ ಅವುಗಳ ಬಂಧು ಒಂದೇ ಉದ್ದ ಪ್ರೋಟೀನ್. ಒಂದು ಕಡೆ ಅಂಟಿಕೊಂಡಿವೆ ಅಂದರೆ ಇನ್ನೊಂದು ಕಡೆಯೂ ನಂಟಿರಬೇಕು ಅಲ್ವಾ?

ಮೋಸ ಹೋಗುವುದು ಎಲ್ಲಿ ಗೊತ್ತಾ? ಅಣ್ಣತಮ್ಮಂದಿರ ಮನೆಗಳಲ್ಲಿ ಒಂದೇ ಥರದ ಪಾತ್ರೆಗಳಿದ್ದರೆ ಅವು ಅಪ್ಪನ ಮನೆಯಿಂದ ಬಂದವು, ಅಷ್ಟೇ. ಮನುಷ್ಯ, ಚಿಂಪಾಂಜಿ ಹೋಲಿಸಿದರೆ ಹೀಗೇ, ಸುಮ್ನೆ ಎಲ್ಲವೂ ಜೋಡಿಯಂತೆ ಕಾಣುತ್ತವೆ. ದೂರದ ಕವಲುಗಳಲ್ಲಿ ಮತ್ತೆ ಮತ್ತೆ ಒಟ್ಟಿಗೇ ಕಳೆದುಹೋಗಿದ್ದರೆ ಮಾತ್ರ ಸುಳಿವಿಗೆ ಬೆಲೆ ಜಾಸ್ತಿ. ಆಗಲೂ ಎರಡು ಪ್ರೋಟೀನ್ ಒಂದನ್ನೊಂದು ಮುಟ್ಟುತ್ತವೆ ಅಂತಲ್ಲ, ಒಂದೇ ಕೆಲಸದ ಎರಡು ಹಂತಗಳಿರಬಹುದು.

ಪ್ರೋಟೀನ್‌ಗಳ ನಂಟನ್ನು ಗೆರೆ ಎಳೆದು ತೋರಿಸುವ ಸ್ಟ್ರಿಂಗ್ (STRING) ಅನ್ನುವ ಡೇಟಾಬೇಸ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಎಂಐಸಿಯು1 (MICU1) ಅಂತ ಹಾಕಿ, ಎಂಸಿಯು ಪಕ್ಕದಲ್ಲೇ ಬರುತ್ತದೆ. ನಡುವಿನ ಗೆರೆಗಳ ಬಣ್ಣ ಮಾತ್ರ ಗಮನಿಸಿ: ಕೆಲವು ಜೀನೋಮ್ ಹೋಲಿಕೆಯಿಂದ ಬಂದವು, ಕೆಲವು ಬರೀ ಒಂದೇ ಲೇಖನದಲ್ಲಿ ಎರಡೂ ಹೆಸರು ಇದ್ದದ್ದಕ್ಕೆ ಎಳೆದವು.